ತಿದ್ದಿದ ಜಾಗ

ಮಾರ್ಚ್ 3, ಬೆಳಿಗ್ಗೆ

ಹದಿನೇಳನೆಯ ಜೋಡಿ ಮುಗಿಯಿತು. ಕ್ವೈಟ್, ಕ್ವಾಯಟ್. ನೋಡಲು ಒಂದೇ ಥರ, ಅರ್ಥ ಬೇರೆ ಬೇರೆ — ಅಂಥ ಎಂಬತ್ತು ಇಂಗ್ಲಿಷ್ ಜೋಡಿಗಳು, ಪ್ರತಿ ಪದಕ್ಕೊಂದು ವಾಕ್ಯ. ಗುಮಾಸ್ತರ ಪರೀಕ್ಷೆಗೆ ಕೂರುವವರ ಪುಸ್ತಕ. ಪ್ರಕಾಶಕರಿಗೆ ತಿಂಗಳ ಕೊನೆಗೆ ಬೇಕು. ಎಂ.ಎ. ಮಾಡಿ ಅಷ್ಟು ಕವಿತೆ ಓದಿದ್ದು ಇದಕ್ಕಾ ಎಂದು ಗಂಡನ ತಮಾಷೆ. ಇದಕ್ಕೇ. ಒಂದಕ್ಷರ ಆಚೀಚೆಯಾದರೆ ಲೋಕ ಬೇರೆಯಾಗುವುದು ಕವಿತೆಯಲ್ಲೂ ಹೌದು. ಕಿಟಕಿ ಪಕ್ಕದ ಮೇಜು, ಬಿಸಿ ಚಹಾ, ಹೆರೆದಿಟ್ಟ ಪೆನ್ಸಿಲ್. ಸುಖವಾಗಿದ್ದೇನೆ.

ಮಾರ್ಚ್ 5

ಮಾವನವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ತಪ್ಪು ನನ್ನದೇ. ಕಟ್ಟಡದ ಸಂಘಕ್ಕೆ ಪತ್ರ ಬರೆದಿದ್ದರು — ಹಿಂದಿನ ಕಾಂಪೌಂಡ್ ಗೋಡೆ ಬೀಳುವುದು 'ಎಮಿನೆಂಟ್' ಎಂದು. ನಿನ್ನೆ ಸಂಜೆ ಸಂಘದ ಕಾರ್ಯದರ್ಶಿ, ಎದುರುಮನೆಯವರು ಎಲ್ಲ ಹಾಲಿನಲ್ಲಿ ಕೂತಿದ್ದಾಗ ಅದು ನನ್ನ ಕೈಗೆ ಬಂತು. ಪೆನ್ನು ಕೈಯಲ್ಲೇ ಇತ್ತು. 'ಇಮಿನೆಂಟ್' ಎಂದು ತಿದ್ದಿಬಿಟ್ಟೆ.

"ಮಾವ, ನೀವು ಬರೆದಿದ್ದು ಗಣ್ಯರಿಗೆ ಹೇಳೋ ಪದ. ಇನ್ನೇನು ಬೀಳತ್ತೆ ಅನ್ನೋದಕ್ಕೆ ಇದು."

ಗಣ್ಯ ಗೋಡೆ, ಬೀಳೋದರೊಳಗೆ ಒಂದು ಸನ್ಮಾನ ಮಾಡೋಣ ಎಂದು ಕಾರ್ಯದರ್ಶಿ ನಕ್ಕರು. ನಾನೂ ನಕ್ಕೆ.

ಮಾವನವರು ಮೂವತ್ತಾರು ವರ್ಷ ಹೆಡ್ ಕ್ಲರ್ಕ್ ಆಗಿದ್ದವರು. ಇಡೀ ಆಫೀಸಿನ ಇಂಗ್ಲಿಷ್ ಪತ್ರಗಳು ಅವರ ಕೈ ದಾಟಿಯೇ ಹೊರಗೆ ಹೋಗುತ್ತಿದ್ದವು.

ಮಾರ್ಚ್ 12

ಒಂದು ವಾರವಾಯಿತು. ಉಪ್ಪು ಬೇಕಾದರೂ ಮಗನಿಗೆ ಹೇಳುತ್ತಾರೆ, ಮಗ ನನಗೆ ಹೇಳುತ್ತಾರೆ. ಉಪ್ಪು ಇರುವುದು ಅವರ ಮುಂದೆಯೇ... ದಿನಾ ಪೇಪರ್ ಗಟ್ಟಿಯಾಗಿ ಓದುತ್ತಿದ್ದವರು ಈಗ ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ. ಆ ದನಿಯಿಲ್ಲದೆ ಮನೆಗೆ ಬೆಳಗಾಗುವುದೇ ಇಲ್ಲ. ಎರಡು ಸಲ ಅವರ ಬಾಗಿಲವರೆಗೆ ಹೋದೆ. ನಿಮ್ಮದೂ ಸರಿ ಎಂದರೆ ಸುಳ್ಳು. ಸುಳ್ಳನ್ನು ಅವರು ಹಿಡಿದುಬಿಡುತ್ತಾರೆ. ವಾಪಸು ಬಂದೆ.

ಮಾರ್ಚ್ 15, ಮಧ್ಯಾಹ್ನ

ತರಕಾರಿ ತಂದು ನೋಡಿದರೆ, ನನ್ನ ಹಸ್ತಪ್ರತಿಗೆ ಗುಂಡುಪಿನ್ನು ಚುಚ್ಚಿದ ಒಂದು ಚೀಟಿ. ಮಾವನವರ ಮುತ್ತಿನಂಥ ಅಕ್ಷರ: 'ದಯವಿಟ್ಟು ಮಾತಾಡಿ.' ಆಫೀಸಿನಲ್ಲಿ ಯಾರದಾದರೂ ಕಡತ ಸರಿಯಿಲ್ಲದಿದ್ದರೆ ಹೀಗೇ ಬರೆಯುತ್ತಿದ್ದರಂತೆ, ಇವರು ಹೇಳಿದರು. ಬರೆದು ಬೈಯುವುದಿಲ್ಲ, ಕರೆದು ಹೇಳುವುದು.

ಹೋದೆ. ಕುರ್ಚಿ ತೋರಿಸಿದರು.

"ನೀನು ತಿದ್ದಿದ್ದು ಸರಿ ಕಣಮ್ಮ. ಅವತ್ತೇ ಡಿಕ್ಷನರಿ ನೋಡಿದೆ. ತಿದ್ದಿದ ಜಾಗ ತಪ್ಪು."

ಅವರ ತಪ್ಪು ಕಂಡರೆ ಕೈಕೆಳಗಿನವರು ಕಾಗದದ ಮೇಲೆ ಗೆರೆ ಎಳೆಯುತ್ತಿರಲಿಲ್ಲವಂತೆ. ಚೀಟಿ ಒಳಗಿಟ್ಟು ಕಡತ ಮುಚ್ಚುತ್ತಿದ್ದರಂತೆ. ಮಾವನವರೂ ನಾಲ್ಕು ಜನರ ಮುಂದೆ ಒಬ್ಬರ ತಪ್ಪನ್ನೂ ಎತ್ತಿ ಆಡಿದವರಲ್ಲ.

"ನಾನು ನಗಬಾರದಿತ್ತು, ಮಾವ."

"ನಕ್ಕಿದ್ದಕ್ಕಲ್ಲ. ಆ ಕಾರ್ಯದರ್ಶಿ ಜೊತೆ ಸೇರಿ ನಕ್ಕೆಯಲ್ಲ, ಅದಕ್ಕೆ."

ತಪ್ಪಾಯಿತು ಎಂದೆ. ತಲೆಯಾಡಿಸಿದರು. ಕನ್ನಡಕ ಹಾಕಿಕೊಂಡು, ಇನ್ನೆಷ್ಟು ಜೋಡಿ ಉಳಿದಿದೆ ಎಂದು ಕೇಳಿದರು.

ಮಾರ್ಚ್ 24

ಬರೆಯಲು ಪುರುಸೊತ್ತಿಲ್ಲ. ಮಾವನವರೂ ನಾನೂ ಎದುರುಬದುರು ಕೂತು ಕೆಲಸ. ಅರವತ್ತೆಂಟು ಆಯಿತು. ನನ್ನ ವಾಕ್ಯಗಳಲ್ಲಿ ಮೋಡ, ಹಕ್ಕಿ ಜಾಸ್ತಿಯಂತೆ. ಪರೀಕ್ಷೆ ಬರೆಯುವವರಿಗೆ ರಜೆ ಅರ್ಜಿ, ವರ್ಗಾವಣೆ ಆದೇಶ ಬೇಕಂತೆ. ಹತ್ತು ಹಕ್ಕಿ ಹಾರಿಸಿದರು. ಎರಡನ್ನು ಕಾಡಿ ಬೇಡಿ ಉಳಿಸಿಕೊಂಡೆ.

ಮಾರ್ಚ್ 26, ಸಂಜೆ

ಎಪ್ಪತ್ತನಾಲ್ಕರಲ್ಲಿ ಸಿಕ್ಕಿಕೊಂಡಿದ್ದೇವೆ. ಕಂಟಿನ್ಯುಅಲ್ ಎಂದರೆ ಬಿಟ್ಟು ಬಿಟ್ಟು ಆಗುವುದು, ಕಂಟಿನ್ಯುಅಸ್ ಎಂದರೆ ಬಿಡುವೇ ಇಲ್ಲದ್ದು. ಎರಡನೆಯದಕ್ಕೆ 'ಅಜ್ಜನ ಗೊರಕೆ' ಎಂದು ಬರೆದೆ. ಮಾವನವರು ಒಪ್ಪುತ್ತಿಲ್ಲ.

"ನಡುವೆ ಎರಡು ಸಲ ಏಳ್ತೀನಿ, ನೀರು ಕುಡೀತೀನಿ. ಮೊದಲನೇದಕ್ಕೆ ಹಾಕು."

ಏಳುವುದು ನಿಜ, ಗೊರಕೆ ನಿಲ್ಲುವುದು ಸುಳ್ಳು ಎಂದೆ. ಮಗನನ್ನು ಸಾಕ್ಷಿಗೆ ಕರೆದರು. ಅಪ್ಪನಿಗೂ ಅಂಜಿ ಹೆಂಡತಿಗೂ ಅಂಜಿ, ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಆಚೆ ಕೋಣೆಯಲ್ಲಿ ಗೊಣಗಾಟ ಇನ್ನೂ ನಡೆದಿದೆ. ಮನೆ ತುಂಬ ದನಿ. ಎಷ್ಟು ಹಿತ... ಈ ಸಲ ನಾನೂ ಬಿಟ್ಟುಕೊಡುವುದಿಲ್ಲ. ಕೂಗುತ್ತಿದ್ದಾರೆ — ಎಲ್ಲಿದೀಯಮ್ಮ, ನನ್ನ ಮಾತಿನ್ನೂ ಮುಗಿದಿಲ್ಲ, ಬಾ ಇಲ್ಲಿ ಎಂದು. ಹೋಗುತ್ತೇನೆ. ಆದರೆ ಅಜ್ಜ ಮಾತ್ರ ಎರಡನೆಯದಕ್ಕೇ —