ಸಾಹುಕಾರನ ಕತ್ತಿನ ಗಾಯ

ಮನೆಯಿಂದ,
ಮಾರ್ಚ್ ೧೪, ಶನಿವಾರ

ಪ್ರೀತಿಯ ಮಗಳೇ,

ಕೆಮ್ಮು ಕಡಿಮೆಯಾಯಿತೇ? ನರ್ಸಿಂಗ್ ಓದುವವಳಿಗೆ ನಾನು ಹೇಳಬೇಕಾಗಿಲ್ಲ, ಆದರೂ ಹೊಟ್ಟೆ ಕಟ್ಟಿಕೊಂಡು ಓದಬೇಡ. ನಾನು ಗಟ್ಟಿಯಾಗಿದ್ದೇನೆ. ಅಂಗಡಿಯಲ್ಲಿ ಕೆಟ್ಟ ಗಡಿಯಾರಗಳಿಗೆ ಬರವಿಲ್ಲ.

ಈಗ ನಿನ್ನ ಬೆಕ್ಕಿನ ವಿಷಯ. ಗಾಬರಿಯಾಗಬೇಡ, ಜೀವಕ್ಕೇನೂ ಅಪಾಯವಿಲ್ಲ. ಎರಡನೇ ತಾರೀಖಿನಿಂದ ಸಾಹುಕಾರ ಒಂದೇ ಸಮನೆ ಕತ್ತು ಕೆರೆದುಕೊಳ್ಳತೊಡಗಿದ. ಎರಡೇ ದಿನದಲ್ಲಿ ಕತ್ತಿನ ಹಿಂದೆ ಕೈಗಡಿಯಾರದ ಮುಖದಷ್ಟಗಲ ಕೂದಲು ಉದುರಿ ಚರ್ಮ ಕೆಂಪಾಯಿತು. ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ. ಬೇರೆ ಬೆಕ್ಕು ಕಚ್ಚಿದ ಗುರುತಿಲ್ಲ. ಸುಟ್ಟ ಹಾಗಿತ್ತು. ಯಾರೋ ಏನೋ ಸುರಿದಿದ್ದಾರೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ಮನೆಯಲ್ಲಿರುವುದು ಇಬ್ಬರೇ. ನಾನಲ್ಲ ಅಂದಮೇಲೆ ಉಳಿದವಳು ನಿನ್ನ ಚಿಕ್ಕಮ್ಮ. ನಾನು ಅವಳನ್ನು ಮದುವೆಯಾಗಿ ಎರಡು ವರ್ಷವಾದರೂ ನಿಮ್ಮಿಬ್ಬರ ನಡುವೆ ಸಲಿಗೆ ಬೆಳೆಯಲಿಲ್ಲ. ಹೊರಡುವ ದಿನ ನೀನು ಬಾಗಿಲಲ್ಲಿ ನಿಂತು, 'ಸಾಹುಕಾರನಿಗೆ ಏನಾದ್ರೂ ಆದ್ರೆ ನಾನು ಈ ಮನೆಗೆ ಕಾಲಿಡಲ್ಲ' ಎಂದೆಯಲ್ಲ, ಆಗ ನೀನು ನೋಡಿದ್ದು ಅವಳ ಮುಖವನ್ನೇ. ಬೆಕ್ಕಿನ ಕೂದಲು ಗುಡಿಸುವಾಗ ಅವಳು ಗೊಣಗುತ್ತಿದ್ದಳು, ಅದನ್ನು ಸಾಕ್ಷಿಗೆ ಸೇರಿಸಿಕೊಂಡೆ. ಈಚೆಗೆ ಗೊಣಗುವುದನ್ನು ಬಿಟ್ಟಿದ್ದಳು, ಅದು ಇನ್ನೂ ದೊಡ್ಡ ಸಾಕ್ಷಿಯಾಗಿ ಕಂಡಿತು.

ಅವಳು ಸ್ನಾನಕ್ಕೆ ಹೋದಾಗ ಫಿನಾಯಿಲ್, ಸೀಮೆಎಣ್ಣೆ, ಬಟ್ಟೆ ಬಿಳುಪು ಮಾಡುವ ನೀರು, ಎಲ್ಲ ಬಾಟಲಿಗಳ ಮೇಲೂ ಒಳಗಿನ ಮಟ್ಟಕ್ಕೆ ಸರಿಯಾಗಿ ಗೀಟು ಎಳೆದಿಟ್ಟೆ. ಮರುದಿನ ಫಿನಾಯಿಲ್ ಒಂದು ಬೆರಳು ಇಳಿದಿತ್ತು. ಒರೆಸಿದ ನೆಲ ಕಣ್ಣೆದುರಿಗೇ ಹೊಳೆಯುತ್ತಿದ್ದರೂ ನಾನು ನಂಬಲಿಲ್ಲ. ಅವಳೇ ಒಮ್ಮೆ, 'ಆ ಚಿಗಟದ ಔಷಧಿ ಹಾಕಿದ್ಮೇಲೇ ಅಲ್ವಾ ಇದು ಶುರುವಾಗಿದ್ದು?' ಎಂದಳು. ನೀನು ಅಕ್ಕರೆಯಿಂದ ಕಳಿಸಿದ ಹನಿ, ಒಂದನೇ ತಾರೀಖು ನಾನೇ ಕೈಯಾರೆ ಕೂದಲು ಬಿಡಿಸಿ ಹಾಕಿದ್ದು. ನನಗೆ ಉರಿದುಹೋಯಿತು. 'ನಿನ್ನ ತಪ್ಪು ಮುಚ್ಚೋಕೆ ನನ್ನ ಮಗಳ ಮೇಲೆ ಗೂಬೆ ಕೂರಿಸ್ಬೇಡ' ಎಂದುಬಿಟ್ಟೆ. ಆ ಸಂಜೆಯೇ ಬಾಟಲಿಗಳ ಗೀಟೂ ಅವಳ ಕಣ್ಣಿಗೆ ಬಿತ್ತು.

ಮೊನ್ನೆ ಗುರುವಾರ ಪ್ರಾಣಿವೈದ್ಯೆಯ ಹತ್ತಿರ ಹೋಗಿ, ಸುರಿದದ್ದು ಏನೆಂದು ಬರೆದುಕೊಡಿ ಎಂದೆ. ಆಕೆ ಕತ್ತು ನೋಡಿ, 'ಚಿಗಟಕ್ಕೆ ಹನಿ ಹಾಕಿದ್ರಾ? ಎಲ್ಲಿ ಹಾಕಿದ್ರಿ, ತೋರ್ಸಿ' ಎಂದರು. ನನ್ನ ಬೆರಳು ನೆಟ್ಟಗೆ ಗಾಯದ ಮೇಲೇ ಹೋಗಿ ನಿಂತಿತು. ಕೆಲವು ಬೆಕ್ಕುಗಳ ಚರ್ಮಕ್ಕೆ ಅದು ಒಗ್ಗುವುದಿಲ್ಲವಂತೆ. ಚಿಕ್ಕಮ್ಮ ಇವರಿಗೆ ಮೊದಲೇ ಫೋನ್ ಮಾಡಿ ಹೇಳಿಕೊಟ್ಟಿರಬಹುದೇ ಎಂದು ಒಂದು ಕ್ಷಣ ಅನ್ನಿಸಿತು ನೋಡು! ತಾನು ಕಳ್ಳ, ಪರರ ನಂಬ. ಆಕೆ ಕತ್ತು ತೊಳೆದು ಮುಲಾಮು ಹಚ್ಚಿದರು. ಕೆಲವು ವಾರಗಳಲ್ಲಿ ಕೂದಲು ಬರುತ್ತದಂತೆ. ನಿನ್ನ ತಪ್ಪೇನೂ ಇಲ್ಲ, ಆದರೆ ಆ ಔಷಧಿ ಇನ್ನು ಕಳಿಸಬೇಡ. ಸಾಹುಕಾರ ಈಗ ಕೆರೆದುಕೊಳ್ಳದಂತೆ ಕೊರಳಿಗೆ ಆಲಿಕೆಯಂಥ ಅಗಲದ ಪಟ್ಟಿ ಕಟ್ಟಿಸಿಕೊಂಡು ಬಾಗಿಲಿಗೆಲ್ಲ ಡಿಕ್ಕಿ ಹೊಡೆಯುತ್ತಿದ್ದಾನೆ. ನನ್ನನ್ನು ಕಂಡರೆ ಮಂಚದಡಿ ಸೇರುತ್ತಾನೆ.

ಜೊತೆಯವರನ್ನೆಲ್ಲ ಕೇಳಿದೆನೆಂದು ಹೇಳು. ಓದು ಕೈಹಿಡಿಯಲಿ, ಆರೋಗ್ಯ ನೆಟ್ಟಗಿರಲಿ.

ನಿನ್ನ ಅಪ್ಪ

ತಾ.ಕ.: ಮುಖ್ಯ ವಿಷಯ ಬರೆಯಲು ಇಷ್ಟು ಹೊತ್ತೂ ಕೈ ಬರಲಿಲ್ಲ. ಚಿಕ್ಕಮ್ಮ ಮನೆಯಲ್ಲಿಲ್ಲ. ಭಾನುವಾರವೇ ಅವಳ ಅಕ್ಕನ ಮನೆಗೆ ಹೋದಳು. ವೈದ್ಯೆಯ ಹತ್ತಿರದಿಂದ ನೇರ ಅಲ್ಲಿಗೇ ಹೋಗಿ ತಪ್ಪಾಯಿತೆಂದು ಕೈ ಮುಗಿದೆ. 'ನೀವು ಇವತ್ತು ನಂಬ್ತೀರಿ. ನಾಳೆ ನಿಮ್ಮ ಮಗಳು ಬಂದು ಅದೇ ಥರ ನೋಡಿದ್ರೆ?' ಎಂದಳು. ಅದಕ್ಕೆ ಉತ್ತರ ನಿನ್ನ ಹತ್ತಿರವಿದೆ. ವಿಳಾಸವನ್ನು ಹಿಂದುಗಡೆ ಬರೆದಿದ್ದೇನೆ. ಅವಳಿಗೆ ಎರಡು ಸಾಲು ಬರಿ. ಬರೆಯದಿದ್ದರೆ ನಿನ್ನನ್ನು ದೂರುವುದಿಲ್ಲ. ಆದರೆ ಬರಿ, ಮಗಳೇ.