ಪೂರ್ತಿ ವಾಕ್ಯ

ಮಾರ್ಚ್ ೧೧, ಮಂಗಳವಾರ ಸಂಜೆ
ಮೂರನೇ ಮಹಡಿ, ಬಂದರಿನ ಕಡೆಯ ಕಿಟಕಿ

ಪ್ರೀತಿಯ ಅಕ್ಕಾ,

ನಮ್ಮ ಕಾಪಿ ಪುಸ್ತಕದ ಅಂಚಿನಲ್ಲಿ ಅಪ್ಪ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ ಸಾಲು ನಿನಗೆ ನೆನಪಿದೆಯೇ? ‘ಪೂರ್ತಿ ಹೇಳು, ಕೇಳುವವರು ಕಾಯುತ್ತಾರೆ’ ಎಂದಿತ್ತೋ, ‘ಕಾಯಬೇಕು’ ಎಂದಿತ್ತೋ? ಎರಡು ದಿನದಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಕಾಯುತ್ತಾರೆಯೇ, ಅಕ್ಕಾ?

ಮೊದಲು ನಿನ್ನ ಕಣ್ಣಿನ ವಿಷಯ. ಪೊರೆ ತೆಗೆದ ಮೇಲೆ ಓದಲು ಬಿಟ್ಟಿದ್ದಾರಾ? ಇಲ್ಲದಿದ್ದರೆ ಇದನ್ನು ಭಾವನ ಕೈಲಿ ಓದಿಸಬೇಡ. ನಡುನಡುವೆ ತಮ್ಮ ಟೀಕೆ ಸೇರಿಸಿ ಓದುತ್ತಾರೆ, ಯಾವುದು ನನ್ನ ಮಾತು ಅಂತ ನಿನಗೆ ತಿಳಿಯುವುದಿಲ್ಲ.

ನನ್ನ ಕ್ಲಾಸು ನಿನಗೆ ಗೊತ್ತಲ್ಲ. ಬಂದರಿನ ಕ್ಯಾಂಟೀನಿನ ಮೇಲಿನ ಕೋಣೆ, ಗೋಡೆಯುದ್ದಕ್ಕೂ ಹೆಲ್ಮೆಟ್ಟುಗಳು, ಐದು ದೇಶಗಳಿಂದ ಬಂದ ಹನ್ನೊಂದು ಮಂದಿ. ವಾಕಿಟಾಕಿಯಲ್ಲಿ ಇಂಗ್ಲಿಷನ್ನೇ ಆಡಬೇಕು. ಆ ಕೆಲಸಕ್ಕೆ ಬೇಕಾದಷ್ಟನ್ನು ಕಲಿಸುವುದು ನನ್ನ ಪಾಲು. ಕಂಪನಿ ಕೊಟ್ಟ ಪುಸ್ತಕದಲ್ಲಿ ಎಲ್ಲವೂ ಒಂಟಿ ಪದ: ಎತ್ತು, ಇಳಿಸು, ನಿಲ್ಲಿಸು. ಮೊದಲ ವಾರವೇ ಉದ್ದಣ್ಣ (ಬಾಗಿಲಲ್ಲಿ ಬಗ್ಗಿ ಒಳಬರುವವನು, ಹೆಸರು ನಾನಿಟ್ಟದ್ದು) “ಇಲ್ಲಿ ಯಾರೂ ನಮ್ಮ ಹತ್ರ ಪೂರ್ತಿ ಮಾತಾಡಲ್ಲ ಮೇಡಂ, ಬರೀ ಗದರ್ತಾರೆ” ಎಂದ, ಹರಕುಮುರುಕು ಇಂಗ್ಲಿಷಿನಲ್ಲಿ. ಪುಸ್ತಕ ಮುಚ್ಚಿಟ್ಟೆ. ‘ಸರ್, ದಯವಿಟ್ಟು ಸ್ವಲ್ಪ ಕ್ರೇನ್ ನಿಲ್ಲಿಸುತ್ತೀರಾ’ ಎಂದು ಕಲಿಸಿದೆ. ನಡುವೆ ತಡವರಿಸಿದವರಿಂದ ಮತ್ತೆ ಮೊದಲಿನಿಂದ ಹೇಳಿಸಿದೆ. ಅವರ ಬೆನ್ನು ನೆಟ್ಟಗಾಗುವುದನ್ನು ನೋಡಿ, ಒಳ್ಳೆಯ ಕವಿತೆ ಓದಿದಷ್ಟು ಖುಷಿಪಟ್ಟೆ.

ಭಾನುವಾರ ಬೆಳಿಗ್ಗೆ ಕ್ರೇನಿನಲ್ಲಿ ತೂಗುತ್ತಿದ್ದ ಪೆಟ್ಟಿಗೆಯ ಸರಪಳಿ ಜಾರತೊಡಗಿತು. ಕೆಳಗಿದ್ದ ಉದ್ದಣ್ಣನೇ ಅದನ್ನು ಎಲ್ಲರಿಗಿಂತ ಮೊದಲು ನೋಡಿದ್ದು. ವಾಕಿಟಾಕಿ ಎತ್ತಿ ‘ಸರ್, ದಯವಿಟ್ಟು’ ಎಂದು ಶುರುಮಾಡಿದ. ತಡವರಿಸಿದ. ಮತ್ತೆ ಮೊದಲಿನಿಂದ ಹೇಳಿದ. ವಾಕ್ಯ ಮುಗಿಯುವಷ್ಟರಲ್ಲಿ ಪೆಟ್ಟಿಗೆ ಜೊತೆಗಾರನ ಪಾದದ ಮೇಲೆ ಕೂತಿತ್ತು.

ಪಾದ ಉಳಿಯಿತು, ಮೂರು ಬೆರಳು ಹೋದವು. ನಾಳೆ ಹತ್ತಕ್ಕೆ ವಿಚಾರಣೆ. ಕಂಪನಿ ಆಗಲೇ ಒಂದು ಹೇಳಿಕೆ ಬರೆದಿಟ್ಟಿದೆ: ಪುಸ್ತಕದಲ್ಲಿದ್ದಂತೆಯೇ ಕಲಿಸಲಾಗಿದೆ, ತಪ್ಪು ವಿದ್ಯಾರ್ಥಿಯದು. ಅದಕ್ಕೆ ನನ್ನ ಸಹಿ ಬೇಕು. ಹಾಕಿದರೆ ಅವನನ್ನು ಅವನ ದೇಶಕ್ಕೆ ಅಟ್ಟುತ್ತಾರೆ. ಹಾಕದಿದ್ದರೆ ನನ್ನ ಕ್ಲಾಸಿಗೆ ಬೀಗ. “ನಿಮಗ್ಯಾಕೆ ತಲೆಬಿಸಿ ಮೇಡಂ, ಪುಸ್ತಕದಲ್ಲಿ ಇದೆಯಲ್ಲ” ಎನ್ನುತ್ತಾರೆ ಮ್ಯಾನೇಜರು, ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟು. ಎಷ್ಟು ಕೇಳಿದರೂ ಉದ್ದಣ್ಣ ನನ್ನ ಹೆಸರು ಎತ್ತಲಿಲ್ಲವಂತೆ. ‘ನಾನು ನಿಧಾನ’ ಎಂದಷ್ಟೇ ಹೇಳಿದನಂತೆ. ಅದೊಂದೇ ದಿನ ಅವನು ವಾಕ್ಯವನ್ನು ಗಿಡ್ಡ ಮಾಡಿದ್ದು.

ಕಣ್ಣಿಗೆ ಹನಿ ಹಾಕುವುದು ಮರೆಯಬೇಡ. ಭಾವನಿಗೆ ನಮಸ್ಕಾರ ಹೇಳು, ಮೊಮ್ಮಗನ ಕೆನ್ನೆಯನ್ನು ನನ್ನ ಪರವಾಗಿ ಚಿವುಟು.

ನಿನ್ನ
ಪುಟ್ಟಿ

ಅಕ್ಕಾ, ಮೇಲೆ ನಾನೇ ಪೂರ್ತಿ ಹೇಳಿಲ್ಲ. ಆ ಸಹಿಯನ್ನು ಮಧ್ಯಾಹ್ನವೇ ಹಾಕಿಬಿಟ್ಟೆ. ಲಕೋಟೆ ಅಂಟಿಸಲು ಕೂತಾಗ ಎದುರುಮನೆ ಅಜ್ಜಿ ಬಾಗಿಲು ಬಡಿದರು. “ಕೆಳಗೆ ಒಬ್ಬ ಉದ್ದನೆಯವನು ಒಂದು ಗಂಟೆಯಿಂದ ನಿಂತಿದ್ದಾನೆ ಕಣಮ್ಮ. ಮೇಲೆ ಹೋಗಪ್ಪ ಅಂದ್ರೆ, ‘ಕ್ಷಮಿಸಿ ಅಮ್ಮಾ, ಮೇಡಂ ಕೆಲಸದಲ್ಲಿರಬಹುದು, ದಯವಿಟ್ಟು ಅವರಿಗೆ ತೊಂದರೆ ಕೊಡಬೇಡಿ, ನಾನು ಕಾಯುತ್ತೇನೆ’ ಅಂತಾನೆ. ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾನೆ. ನೀನೇ ಕಲಿಸಿದ್ದಾ?”