ನಾದಿನಿಗೆ ಕೊಟ್ಟ ಸಂಬಳ ಪಕ್ಷಪಾತವೇ?

ದಿವಾಳಿ ಅರ್ಜಿಗಳ ಮೇಲೆ ಕೂತಿರುವ ಮಾನ್ಯ ಅಧಿಕಾರಿಗಳೇ,

ನಾನು ನನ್ನ ನಾದಿನಿಗೆ ಕೊಟ್ಟ ಬಾಕಿ ಸಂಬಳವನ್ನು ಅವಳು ತಿಂಗಳೊಳಗೆ ತಮ್ಮ ಕಚೇರಿಗೆ ಕಟ್ಟಬೇಕು, ತಪ್ಪಿದರೆ ಅವಳ ಹೊಲಿಗೆ ಯಂತ್ರವನ್ನು ಜಪ್ತಿ ಮಾಡಲಾಗುವುದು ಎಂದು ನೋಟೀಸು ಕಳಿಸಿದ್ದೀರಿ. ನಾವು ದಿವಾಳಿ ಅರ್ಜಿ ಹಾಕುವ ಮುಂಚೆ, ಸಾಲ ಕೊಟ್ಟ ಉಳಿದವರನ್ನು ಬಿಟ್ಟು ಸಂಬಂಧಿಕಳೊಬ್ಬಳಿಗೆ ಕೊಟ್ಟದ್ದು ಪಕ್ಷಪಾತವಂತೆ. ನಾನು ಹಳ್ಳಿಯ ಶಾಲೆಯಲ್ಲಿ ಕಲಿತವಳು. ನೋಟೀಸನ್ನು ಕಷ್ಟಪಟ್ಟು ಓದಿ, ದೇವರ ಮುಂದೆ ಕೂತು ಅವನಿಗೂ ಓದಿ ಹೇಳಿದೆ. ಅವನು ಸುಮ್ಮನಿದ್ದ. ಹಾಗಾಗಿ ನಾಲ್ಕು ಜನರಿಗೆ ಕೇಳಿಸುವಂತೆ ತಮ್ಮನ್ನೇ ಕೇಳುತ್ತಿದ್ದೇನೆ.

ನಾನೂ ನನ್ನ ಗಂಡನೂ ಪರದೆ ಹೊಲಿಸುವ ಅಂಗಡಿ ಇಟ್ಟಿದ್ದೆವು. ಅಂಗಡಿ ನಮ್ಮದು, ಹೊಲಿಗೆ ನಾದಿನಿಯದು. ಅವಳ ಗಂಡ ತೀರಿಕೊಂಡ ಮೇಲೆ ತನ್ನ ಯಂತ್ರ ಹೊತ್ತುಕೊಂಡು ಬಂದು ತಿಂಗಳ ಸಂಬಳಕ್ಕೆ ದುಡಿದವಳು. ಹೊಸದೊಂದು ಹೋಟೆಲು ತನ್ನ ಅಷ್ಟೂ ಕೋಣೆಗಳಿಗೆ ಕಡುಗೆಂಪು ಮಖಮಲ್ಲಿನ ಪರದೆ ಬೇಕೆಂದಿತು. ಬ್ಯಾಂಕಿನಲ್ಲಿ ಸಾಲ ಮಾಡಿ ಬಟ್ಟೆ ತಂದೆವು. ಆ ಹೋಟೆಲು ಬಾಗಿಲು ತೆರೆಯುವ ಮೊದಲೇ ಮುಚ್ಚಿಕೊಂಡಿತು. ಬೇರೆಯವರ ಕಿಟಕಿಯ ಅಳತೆಗೆ ಕತ್ತರಿಸಿದ ಬಟ್ಟೆಯನ್ನು ಯಾರು ಕೊಳ್ಳುತ್ತಾರೆ? ನಮ್ಮ ಅಡುಗೆಮನೆಗೆ, ಬಚ್ಚಲಿಗೆ, ಕೊನೆಗೆ ದೇವರ ಗೂಡಿಗೂ ಮಖಮಲ್ಲು ಬಂತು. ಮನೆ ನೋಡಲು ಬಂದ ತಮ್ಮ ಗುಮಾಸ್ತರು ಬಚ್ಚಲಿನ ಪರದೆಯನ್ನು ಸವರಿ, ‘ವಿಲಾಸಿ ವಸ್ತು’ ಎಂದು ಬರೆದುಕೊಂಡರು.

“ಸ್ವಾಮಿ, ನಮ್ಮನ್ನ ಮುಳುಗಿಸಿದ್ದೇ ಇದು,” ಅಂದರು ನನ್ನ ಗಂಡ.

“ಇರಬಹುದು. ಬಟ್ಟೆ ಮಾತ್ರ ಚೆನ್ನಾಗಿದೆ,” ಅಂದರು ಗುಮಾಸ್ತರು.

ಖರ್ಚು ಹಿಡಿತದಲ್ಲಿಡುವುದು ಹೇಗೆಂದು ತಿಳಿಸುವ ನುಣುಪು ಕಾಗದದ ಪುಸ್ತಿಕೆಯನ್ನೂ ದಯಪಾಲಿಸಿದ್ದೀರಿ. ವಿದೇಶ ಪ್ರವಾಸವನ್ನು ಮುಂದೂಡಿರಿ ಎಂದಿದೆ. ಹುಟ್ಟಿದಾಗಿನಿಂದ ಮುಂದೂಡುತ್ತಲೇ ಬಂದಿದ್ದೇವೆ. ಎರಡನೆಯ ಕಾರನ್ನು ಮಾರಿರಿ ಎಂದಿದೆ. ಮೊದಲನೆಯದು ಎಲ್ಲಿದೆ ಎಂದು ಹೇಳಿದ್ದರೆ ಉಪಕಾರವಾಗುತ್ತಿತ್ತು. ಅಂಗಡಿಗೂ ಮನೆಗೂ ಒಂದೇ ಗಲ್ಲಾ ಇಡಬೇಡಿರಿ ಎಂಬ ಮಾತನ್ನು ಮಾತ್ರ ತಲೆಬಾಗಿ ಒಪ್ಪುತ್ತೇನೆ. ಹಾಲಿಗೂ ದಾರಕ್ಕೂ ನಾವು ಒಂದೇ ಡಬ್ಬಿಗೆ ಕೈಹಾಕುತ್ತಿದ್ದೆವು. ಅಂಗಡಿ ಬಿದ್ದ ಸುದ್ದಿ ಅಡುಗೆಮನೆಗೆ ತಡವಾಗಿ ಮುಟ್ಟಿತು. ಆದರೆ ಈ ಬುದ್ಧಿಮಾತು ನಮ್ಮ ಕೈಸೇರಿದ್ದು ಅರ್ಜಿ ಹಾಕಿದ ಮೇಲೆ. ಮನೆ ಸುಟ್ಟವರನ್ನು ಬೂದಿಯ ಮೇಲೆ ಕೂರಿಸಿ ಬೆಂಕಿ ಆರಿಸುವ ಪಾಠ ಹೇಳುವುದು ತಮ್ಮ ಇಲಾಖೆಯ ಪದ್ಧತಿಯೇ?

ಇನ್ನು ಆ ಪಕ್ಷಪಾತದ ಕಥೆ. ಎಷ್ಟೋ ತಿಂಗಳು ನಾದಿನಿ ಸಂಬಳವಿಲ್ಲದೆ ಹೊಲಿದಳು. ಆ ಹೊತ್ತಿಗೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದಳು. ನಾನು ಕಿವಿಯ ಓಲೆ ಮಾರಿ ಅವಳ ಬಾಕಿಯನ್ನು ಮುಂದಿಟ್ಟೆ.

“ಅತ್ತಿಗೆ, ಮೊದಲು ಬ್ಯಾಂಕಿನವರ ಬಾಯಿ ಮುಚ್ಚಿಸಿ. ನಂದು ನಾಳೆ ಕೊಟ್ರೂ ಆಗುತ್ತೆ.”

“ಆ ನಾಳೆ ನೋಡೋಕೆ ಕಣ್ಣು ಬೇಡ್ವೇನೇ? ಸುಮ್ನೆ ತಗೋ.”

“ನಿಮ್ಮ ಬೋಳು ಕಿವಿ ನೋಡೋಕೆ ನಾನು ಕಣ್ಣು ಮಾಡಿಸ್ಕೋಬೇಕಾ?”

ಬೈದುಕೊಂಡೇ ತೆಗೆದುಕೊಂಡಳು. ಕಣ್ಣಿನ ಆಪರೇಷನ್ ಆಯಿತು.

ಇದು ತಮಗೆ ತಿಳಿದದ್ದಾದರೂ ಹೇಗೆ? ತಮ್ಮ ಪತ್ತೇದಾರಿಕೆಯಿಂದಲ್ಲ. ದೇವರ ಮೇಲೆ ಆಣೆಯಿಟ್ಟು ನಿಜ ಬರೆಯಿರಿ ಎಂದು ಅರ್ಜಿಯಲ್ಲಿತ್ತು. ನಾನು ಬರೆಸಹೊರಟೆ.

“ಅಮ್ಮಾ, ಇದನ್ನ ಬಿಡಿ. ಯಾರು ಕೇಳ್ತಾರೆ?” ಅಂದರು ನಮ್ಮ ವಕೀಲರು.

“ದೇವರು ಕೇಳ್ತಾನೆ.”

“ದೇವರು ಜಪ್ತಿ ಮಾಡಲ್ಲ ತಾಯಿ. ಇವರು ಮಾಡ್ತಾರೆ.”

ಆದರೂ ಬರೆಸಿದೆ. ವಕೀಲರಿಗೆ ನನಗಿಂತ ಹೆಚ್ಚು ತಿಳಿದಿತ್ತು.

ದಿವಾಳಿಗೆ ಮುಂಚೆ ಭಾವ ಮೈದುನರಿಗೆ ಆಸ್ತಿ ದಾಟಿಸಿ ಕೈತೊಳೆದುಕೊಳ್ಳುವ ಕಳ್ಳರಿದ್ದಾರೆ, ಬಲ್ಲೆ. ಈ ಕಾನೂನು ಅವರಿಗಾಗಿ ಹುಟ್ಟಿದ್ದರೆ ಅದಕ್ಕೆ ನನ್ನದೊಂದು ನಮಸ್ಕಾರ. ಆದರೆ ಕಳ್ಳರು ಆಣೆಯಿಟ್ಟು ಬರೆದುಕೊಡುತ್ತಾರೆಯೇ? ನಾನು ಓಲೆ ಮಾರಿದ ತಿಂಗಳೇ ಬ್ಯಾಂಕು, ನಮ್ಮನ್ನು ಒಂದು ಮಾತೂ ಕೇಳದೆ, ಖಾತೆಯಲ್ಲಿ ಉಳಿದಿದ್ದನ್ನೆಲ್ಲ ಗುಡಿಸಿಕೊಂಡಿತು. ಅದರ ಹೆಸರು ಕಂತು. ದುಡಿದವಳಿಗೆ ನಾನು ಕೈಯಾರೆ ಕೊಟ್ಟದ್ದರ ಹೆಸರು ಪಕ್ಷಪಾತ. ಬ್ಯಾಂಕಿಗೆ ನೋಟೀಸು ಹೋಗಿದೆಯೇ? ಅಥವಾ ಬ್ಯಾಂಕು ಯಾರ ನಾದಿನಿಯೂ ಅಲ್ಲವೆಂಬ ರಿಯಾಯಿತಿಯೇ? ನಾದಿನಿಗೆ ಕೊಟ್ಟ ಹಣ ಈಗ ಅವಳ ಕಣ್ಣಿನಲ್ಲಿದೆ. ವಸೂಲಿಗೆ ಗುಮಾಸ್ತರನ್ನು ಕಳಿಸುತ್ತೀರೋ, ಕಣ್ಣಿನ ಡಾಕ್ಟರನ್ನೋ?

ನನಗೆ ಬೇಕಾದದ್ದು ಇಷ್ಟೇ. ಆ ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕೊಟ್ಟವಳು ನಾನು, ದಂಡ ನನಗೆ ಹಾಕಿ. ನಮ್ಮ ಮನೆಖರ್ಚಿಗೆಂದು ತಾವು ಮಂಜೂರು ಮಾಡಿದ್ದರಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳಿ, ಅರೆಹೊಟ್ಟೆಯಲ್ಲಿ ಇರುವುದನ್ನು ಪುಸ್ತಿಕೆಯಿಲ್ಲದೆಯೇ ಕಲಿತಿದ್ದೇವೆ. ಬೇಕಿದ್ದರೆ ಬಚ್ಚಲಿನ ವಿಲಾಸವನ್ನೂ ಬಿಚ್ಚಿಕೊಂಡು ಹೋಗಿ. ಅವಳ ಯಂತ್ರವನ್ನು ಮಾತ್ರ ಮುಟ್ಟಬೇಡಿ. ಈಗಷ್ಟೇ ದಾರ ತಾನೇ ಪೋಣಿಸುತ್ತಿದ್ದಾಳೆ. ಅದನ್ನೂ ಹೊತ್ತೊಯ್ದರೆ, ಬಂದ ಕಣ್ಣಿನಿಂದ ಅವಳು ಏನನ್ನು ನೋಡುತ್ತಾ ಕೂರಬೇಕು?

ಇಂತಿ,
ನಿಜ ಬರೆದುಕೊಟ್ಟು ನಾದಿನಿಯನ್ನು ಸಿಕ್ಕಿಹಾಕಿಸಿದ ಅತ್ತಿಗೆ